ಮೇಷ್ಟ್ರ ಮೋಟು ಪೈಪು

ಹಲ್ಲಿನ ಡಾಕ್ಟರಾದವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಎದುರಿಗಿದ್ದವರು ನಕ್ಕರೆ ನಾವು ನಗುವನ್ನು ನೋಡುವುದಿಲ್ಲ, ಹಲ್ಲು ನೋಡುತ್ತೇವೆ. ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಕೊಂಡ ದಿನವೂ ಹಾಗೇ ಆಯಿತು. ಹಜಾರದಲ್ಲಿ ಹಾರ ಹಾಕಿಟ್ಟಿದ್ದ ಅವರ ಹಳೆಯ ಫೋಟೋ ಮುಂದೆ ನಿಂತಾಗ ನನ್ನ ಕಣ್ಣು ಸೀದಾ ಕೆಳಸಾಲಿನ ಎಡಗಡೆಯ ಕೋರೆಹಲ್ಲಿಗೆ ಹೋಯಿತು. ಅದರ ತುದಿಯಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು. ವರ್ಷಗಟ್ಟಲೆ ತಂಬಾಕಿನ ಪೈಪು ಕಚ್ಚಿ ಸವೆದ ಜಾಗ ಅದು. ಫೋಟೋದಲ್ಲಿ ಬಾಯಿ ತುಂಬ ನಕ್ಕಿದ್ದರು ಪುಣ್ಯಾತ್ಮರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ತುಮಕೂರಿನಲ್ಲಿ ಬೀಡಿ ಸೇದುವವರುಂಟು, ಸಿಗರೇಟು ಸೇದುವವರುಂಟು, ಗುಟ್ಕಾ ಹಾಕಿಕೊಂಡು ಕಂಡ ಗೋಡೆಗೆಲ್ಲ ಬಣ್ಣ ಹೊಡೆಯುವವರು ಬೇಕಾದಷ್ಟಿದ್ದಾರೆ. ಆದರೆ ಹಣೆ ತುಂಬ ವಿಭೂತಿ, ಮೈಮೇಲೆ ಖಾದಿ ಜುಬ್ಬಾ, ಬಾಯಲ್ಲಿ ಪೈಪು, ಹೀಗಿದ್ದ ಮನುಷ್ಯನನ್ನು ನಾನು ಕಂಡದ್ದು ಅವರೊಬ್ಬರನ್ನೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಿಂಡಿ ತಿಂದು, ಕಾಫಿ ಕುಡಿದು, ಆಮೇಲೆ ಪೈಪು. ಆ ಕ್ರಮ ತಪ್ಪುತ್ತಿರಲಿಲ್ಲ.

ಪಿಯುಸಿಯಲ್ಲಿ ಅವರ ಪಾಠ ಕೇಳುವಾಗ ನಮಗೆ ಇದೊಂದೂ ಗೊತ್ತಿರಲಿಲ್ಲ. ಯೋಚನೆಗೆ ಬಿದ್ದಾಗ ಚಾಕ್‌ಪೀಸನ್ನು ಬಾಯಿಯ ಎಡಗಡೆ ಕಚ್ಚಿಕೊಳ್ಳುತ್ತಿದ್ದರು. ಪೀರಿಯಡ್ಡು ಮುಗಿಯುವ ಹೊತ್ತಿಗೆ ತುಟಿಯೆಲ್ಲ ಬೆಳ್ಳಗಾಗಿರುತ್ತಿತ್ತು, ಹುಡುಗಿಯರಾದ ನಾವು ದುಪಟ್ಟಾ ಅಡ್ಡ ಹಿಡಿದು ಕಿಸಕ್ಕೆನ್ನುತ್ತಿದ್ದೆವು. 'ಚಿತ್ರ ಸರಿಯಾಗಿ ಬರೀರಮ್ಮ. ಆಕಾರ ಗೊತ್ತಾದ್ರೆ ಅರ್ಧ ಲೆಕ್ಕ ಬಿಡಿಸಿದಂಗೆ' ಎನ್ನುವುದು ಅವರ ಮಂತ್ರ. ಲೆಕ್ಕ ಯಾವುದೇ ಇರಲಿ, ಮೊದಲು ಚಿತ್ರ. ನನ್ನಂಥ ದಡ್ಡಿಯೂ ಫಿಸಿಕ್ಸಿನಲ್ಲಿ ಪಾಸಾಗಿ ಡೆಂಟಲ್ ಕಾಲೇಜು ಸೇರಿದ್ದು ಆ ಮಂತ್ರದಿಂದಲೇ. ಮುಂದೆ ಅದೇ ಮಂತ್ರವನ್ನು ಅವರು ತಮ್ಮ ಬಾಯಿಗೂ ಹೂಡಿ ಕೂತರು.

ಬಿ.ಎಚ್. ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ನಾನು ಕ್ಲಿನಿಕ್ಕು ತೆರೆದ ಹೊಸದರಲ್ಲಿ ಒಂದು ಸಂಜೆ ಮೇಷ್ಟ್ರು ಬಂದರು. ಆಗಿನ್ನೂ ಅವರಿಗೆ ನಿವೃತ್ತಿಯಾಗಿರಲಿಲ್ಲ. ಕುರ್ಚಿಯಲ್ಲಿ ಒರಗಿಕೊಂಡು, 'ಎಡಗಡೆ ಕೋರೆಹಲ್ಲು ಅಲ್ಲಾಡ್ತಿದೆ ಕಣಮ್ಮ. ಕಿತ್ತುಗಿತ್ತು ಹಾಕ್ಬೇಡ, ಅದು ನಂಗೆ ಬೇಕು' ಎಂದರು.

'ಊಟ ಮಾಡೋಕೆ ಬಲಗಡೆ ಗಟ್ಟಿ ಇದೆಯಲ್ಲ ಸಾರ್.'

'ಊಟಕ್ಕಲ್ಲಮ್ಮ.'

ಜುಬ್ಬಾದ ಜೇಬಿನಿಂದ ಪೈಪು ತೆಗೆದು ತೋರಿಸಿದರು. ನೆಟ್ಟನೆಯ ಕೊಳವೆ, ತುದಿಯಲ್ಲಿ ತಂಬಾಕು ತುಂಬುವ ಮರದ ಬಟ್ಟಲು. ನಾನು ಹೇಳಬೇಕಾದ್ದನ್ನು ಹೇಳಿದೆ. ಇದನ್ನು ಬಿಡಿ ಸಾರ್, ಹಲ್ಲಿಗೊಂದೇ ಅಲ್ಲ, ಬಾಯಿಗೇ ಒಳ್ಳೆಯದಲ್ಲ ಎಂದೆ. ಅವರು ನನ್ನ ಚೀಟಿ ಪ್ಯಾಡು ಎಳೆದುಕೊಂಡು ಚಿತ್ರ ಬರೆಯಲು ಶುರುಮಾಡಿದರು.

'ನೋಡು, ಇದು ದವಡೆ. ಇದು ಹಲ್ಲು, ಇಲ್ಲೇ ಫಲ್ಕ್ರಮ್, ಸನ್ನೆಗೋಲು ಕೂರೋ ಜಾಗ. ನೆಟ್ಟಗಿರೋ ಪೈಪಲ್ಲಿ ಭಾರ ಎಲ್ಲಾ ದೂರ ಇರುತ್ತೆ. ಅಷ್ಟು ದೂರದ ಭಾರಾನ ಪಾಪ ಈ ಒಂದು ಹಲ್ಲು ಎತ್ತಿ ಹಿಡೀಬೇಕು. ಅದೇ ಬಗ್ಗಿರೋ ಪೈಪಾದ್ರೆ? ಬಟ್ಟಲು ಗಲ್ಲದ ಹತ್ರ ಜೋತು ಬೀಳುತ್ತೆ. ಹಲ್ಲು ಸುಮ್ನೆ ಹಿಡ್ಕೊಂಡಿದ್ರೆ ಸಾಕು. ಹೌದೋ ಅಲ್ವೋ?'

'ಹೌದು ಸಾರ್. ಆದ್ರೆ...'

'ಹೌದು ಅಂದ್ಯಲ್ಲ, ಮುಗೀತು.'

ಮುಂದಿನ ಸಲ ಬಂದಾಗ ಜೇಬಿನಲ್ಲಿ ಬಾಗಿದ ಪೈಪಿತ್ತು. ಅಲ್ಲಾಡುತ್ತಿದ್ದ ಹಲ್ಲು ನಿಜವಾಗಿಯೂ ಗಟ್ಟಿಯಾಗಿತ್ತು. ಅಲ್ಲಿಗೆ ನಾನು ಸೋತೆ. ರೋಗಿ ಒಂದು ಸಲ ಗೆದ್ದುಬಿಟ್ಟರೆ ಆಮೇಲೆ ಡಾಕ್ಟರ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತೆಯೇ.

ಆಮೇಲೆ ನಡೆದದ್ದೆಲ್ಲ ಒಂದೇ ಕಥೆ. ನಾನು ಒಂದು ತೊಂದರೆ ಹೇಳುವುದು, ಅವರು ಒಂದು ಆಕಾರ ತರುವುದು. ಬಾಗಿದ ಪೈಪಿನ ತಿರುವಿನಲ್ಲಿ ಎಂಜಲು ನಿಂತು ಗೊರಗೊರ ಅನ್ನುತ್ತದೆ, ಕಹಿನೀರು ನಾಲಿಗೆಗೆ ಬರುತ್ತದೆ ಎಂದು ಅವರೇ ಗೊಣಗಿದರು. ಆ ಕಹಿನೀರೇ ನಿಮ್ಮ ವಸಡು ತಿನ್ನುತ್ತಿರುವುದು ಎಂದೆ. ಅರ್ಧಂಬರ್ಧ ಬಾಗಿದ್ದು ತಂದರು. ಬಟ್ಟಲು ಉದ್ದಕ್ಕೆ, ಕಿರಿದಾಗಿದ್ದರೆ ತಂಬಾಕು ತುಂಬ ಹೊತ್ತು ಉರಿಯುತ್ತದಂತೆ, ರುಚಿ ಗಟ್ಟಿಯಂತೆ, ಆದರೆ ತಳಕ್ಕೆ ಬರುವಷ್ಟರಲ್ಲಿ ಕೆಂಡದಂತೆ ಕಾಯುತ್ತದಂತೆ. ನಾಲಿಗೆ ಕೆಂಪಾಗಿದೆ ಸಾರ್ ಎಂದರೆ ಅಗಲ ಬಾಯಿಯ, ದಪ್ಪ ಗೋಡೆಯ ಗಿಡ್ಡ ಬಟ್ಟಲಿನದನ್ನು ತಂದರು. ಅದನ್ನು ನನ್ನ ಅಂಗೈ ಮೇಲಿಟ್ಟು, 'ನೋಡು, ಮುದ್ದೆ ಮಾಡೋ ಪಾತ್ರೆ ತಳ ದಪ್ಪ ಇದ್ರೆ ಸೀಯಲ್ಲ ತಾನೇ?' ಎಂದು ಕೇಳಿದರು. ನಾನು ತಲೆ ಚಚ್ಚಿಕೊಂಡೆ. ಯಾವ ಆಕಾರದಲ್ಲಿ ಸೇದಿದರೂ ಒಳಗೆ ಹೋಗುವುದು ಅದೇ ವಿಷ ಎಂದು ನಾನು ಹೇಳದ ದಿನವಿಲ್ಲ. ಪಾಠ ಕೇಳುವ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಪೈಪುಗಳು ಕೊರಿಯರ್‌ನಲ್ಲಿ ಬರುತ್ತಿದ್ದವು. ಒಮ್ಮೆ ಮೆಲ್ಲಗೆ, 'ನಿನ್ನ ಕ್ಲಿನಿಕ್ ಅಡ್ರೆಸ್ ಕೊಡ್ಲೇನಮ್ಮ?' ಎಂದರು.

'ಕೊಡಿ ಸಾರ್. ಪಾರ್ಸೆಲ್ ಬಂದ ದಿನಾನೇ ಆ ಕೋರೆಹಲ್ಲು ಕೀಳ್ತೀನಿ. ಮನೆಗೆ ತರಿಸ್ಕೊಳ್ಳೋಕೆ ಏನಾಗಿದೆ?'

'ಮನೇಲಿ ಅಣ್ಣ ಇದಾರಲ್ಲಮ್ಮ' ಎಂದರು. ಅರವತ್ತರ ಹತ್ತಿರ ಬಂದ ಮನುಷ್ಯ, ಹೇಳುವಾಗ ಧ್ವನಿ ತಗ್ಗಿಸಿದರು.

ಆ ಅಣ್ಣನ ವಿಷಯ ಹೇಳಬೇಕು. ಇವರ ಊರು ಗುಬ್ಬಿ. ತಂದೆ ಬೇಗ ಹೋದಾಗ ಅಣ್ಣ ಶಾಲೆ ಬಿಟ್ಟು ಕೊಬ್ಬರಿ ವ್ಯಾಪಾರಕ್ಕಿಳಿದು ತಮ್ಮನನ್ನು ಓದಿಸಿದರು. ಮುಂದೆ ತುಮಕೂರಿನ ಮಂಡಿಪೇಟೆಯಲ್ಲಿ ಮಂಡಿ ಮಾಡಿ, ಎರಡಂತಸ್ತಿನ ಮನೆ ಕಟ್ಟಿಸಿದರು. ಕೆಳಗೆ ಅಣ್ಣನ ಸಂಸಾರ, ಮಹಡಿಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ಅಣ್ಣನ ಮುಂದೆ ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿ ಕೂತವರಲ್ಲ. ಅಂಥದ್ದರಲ್ಲಿ ಪೈಪು! ಮೇಷ್ಟ್ರ ಹೆಂಡತಿ ಹೊಗೆಯ ವಾಸನೆ ಮುಚ್ಚಲು ಮಹಡಿಯ ಮೇಲೆ ಸುಡುತ್ತಿದ್ದಷ್ಟು ಊದುಬತ್ತಿಯನ್ನು ಯಾವ ದೇವಸ್ಥಾನದಲ್ಲೂ ಸುಡುತ್ತಿರಲಿಲ್ಲ.

ನನಗೆ ಇದು ಹೊಸದೇನಲ್ಲ. ನಮ್ಮ ಅಬ್ಬಾ ಬಳೆ ಅಂಗಡಿಯಲ್ಲಿ ಬೀಡಿ ಹಚ್ಚಿದ್ದಾಗ ಅವರಪ್ಪ, ನಮ್ಮ ದಾದಾ, ಬಂದರೆ ಉರಿಯುವ ಬೀಡಿಯನ್ನು ಅಂಗೈಯಲ್ಲೇ ಮುಚ್ಚಿಕೊಳ್ಳುತ್ತಿದ್ದರು. ದೊಡ್ಡವರ ಮುಂದೆ ಹೊಗೆ ಬಿಡಬಾರದು ಎನ್ನುವ ಮರ್ಯಾದೆಗೆ ನಮ್ಮೂರಲ್ಲಿ ಜಾತಿಯಿಲ್ಲ, ಮತವಿಲ್ಲ. ಸೇದಬಾರದು ಅಂತಲ್ಲ, ಕಾಣಿಸಬಾರದು ಅಷ್ಟೇ.

'ಕುಣಿಗಲ್ಲಲ್ಲಿ ಇದ್ದಾಗ ಎಷ್ಟು ಆರಾಮಾಗಿದ್ದೆ ಗೊತ್ತೇನಮ್ಮ' ಎಂದು ಒಮ್ಮೆ ಹೇಳಿದ್ದರು. ಮೊದಲ ಕೆಲಸ ಅಲ್ಲಿನ ಕಾಲೇಜಿನಲ್ಲಿ. ಪಕ್ಕದ ಮನೆಯಲ್ಲಿ ಅಲ್ಲಿನ ಕುದುರೆ ಫಾರಮ್ಮಿನ ಡಾಕ್ಟರೊಬ್ಬರಿದ್ದರಂತೆ. ವರ್ಗವಾಗಿ ಹೋಗುವಾಗ ಆ ಮಹಾರಾಯರು ಇವರಿಗೆ ತಮ್ಮದೊಂದು ಪೈಪು ಕೊಟ್ಟು ಹೋದರು. ಸಂಜೆ ಕೆರೆ ಏರಿಯ ಮೇಲೆ ಅದನ್ನು ಕಚ್ಚಿಕೊಂಡು ತಿರುಗಾಡುತ್ತಿದ್ದರಂತೆ. 'ನೆಟ್ಟನೆ ಪೈಪು. ಎದೆ ಮುಂದೆ ಮಾಡ್ಕೊಂಡು ಸೇದೋದು. ಅಲ್ಲಿ ನಮ್ಮಣ್ಣ ಇರ್ಲಿಲ್ವಲ್ಲ.'

ತುಮಕೂರಿಗೆ ವರ್ಗವಾಗಿ ಅಣ್ಣನ ಮನೆ ಸೇರಿದಾಗ ಮೇಷ್ಟ್ರು ತಾವಾಗಿ ಆರಿಸಿಕೊಂಡ ಪೈಪು ಬೇರೆ. ಮೋಟು. ಕೊಳವೆ ಹೆಬ್ಬೆರಳುದ್ದ, ಬಟ್ಟಲಿನ ಮೇಲೆ ತೂತಿರುವ ಹಿತ್ತಾಳೆಯ ಮುಚ್ಚಳ. ಅಣ್ಣ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಟಪ್ ಎಂದು ಮುಚ್ಚಿ ಜೇಬಿಗೆ ಇಳಿಸಿದರಾಯಿತು. ಕಿಡಿ ಹಾರುವುದಿಲ್ಲ, ಬಟ್ಟೆ ಸುಡುವುದಿಲ್ಲ. ನನಗೆ ತೋರಿಸಿದ ಚೆಂದದ ಆಕಾರಗಳೆಲ್ಲ ಹೊರಗಿನ ತಿರುಗಾಟಕ್ಕೆ. ಮನೆಯೊಳಗೆ, ದಿನವೂ, ಬೆಳಿಗ್ಗೆ ಸಂಜೆ ಸೇದುತ್ತಿದ್ದದ್ದು ಈ ಮೋಟನ್ನೇ. ಹೊಗೆ ತಣಿಯಲು ಅದರಲ್ಲಿ ದಾರಿಯೇ ಇಲ್ಲ, ಬಟ್ಟಲಿನ ಬಿಸಿ ಸೀದಾ ನಾಲಿಗೆಗೆ. ಇದ್ದುದರಲ್ಲೆಲ್ಲ ಅತಿ ಕೆಟ್ಟ ಆಕಾರ ಅದೇ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಬಚ್ಚಿಡಲು ಬರುತ್ತಿದ್ದದ್ದು ಅದೊಂದೇ.

ಒಂದು ಭಾನುವಾರ ನಾವು ಮನೆಮಂದಿ ದೇವರಾಯನದುರ್ಗಕ್ಕೆ ಹೋಗಿದ್ದಾಗ ಮೇಷ್ಟ್ರು ಬಂಡೆ ಮೇಲೆ ಕೂತು ಬಾಗಿದ ಪೈಪು ಸೇದುತ್ತಿದ್ದರು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಕಾರೊಂದು ಬಂದು ನಿಂತಿತು. ಇಳಿದವರು ಅಣ್ಣ, ಜೊತೆಗೆ ಗುಬ್ಬಿಯ ನೆಂಟರು. ಮೇಷ್ಟ್ರು ಗಾಬರಿಯಲ್ಲಿ ಉರಿಯುತ್ತಿದ್ದ ಪೈಪನ್ನೇ ಜೇಬಿಗೆ ಹಾಕಿ ಎದ್ದು ನಿಂತರು. ಅಣ್ಣ ನನ್ನನ್ನು, ಮಕ್ಕಳನ್ನು ಮಾತಾಡಿಸಿದರು. ಅಷ್ಟರಲ್ಲಿ ಜುಬ್ಬಾದ ಪಕ್ಕದಿಂದ ಸಣ್ಣಗೆ ಹೊಗೆ ಏಳತೊಡಗಿತು. ಅಣ್ಣ ಆ ಹೊಗೆಯನ್ನು ನೋಡಿದರು. ನೋಡಿದ್ದನ್ನು ನಾನು ಕಂಡೆ. ಆಮೇಲೆ ಬೆಟ್ಟದ ಕಡೆ ಮುಖ ತಿರುಗಿಸಿ, 'ಮೋಡ ಆಯ್ತಾ ಇದೆ, ಬೇಗ ಇಳ್ಕೊಳ್ರಪ್ಪ' ಎಂದು ಹೇಳಿ ಹೊರಟೇಹೋದರು. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಮೇಷ್ಟ್ರ ತೊಡೆಯ ಮೇಲೆ ಬೊಬ್ಬೆ ಎದ್ದಿತ್ತು. 'ಸದ್ಯ, ಗೊತ್ತಾಗ್ಲಿಲ್ಲ' ಎಂದು ಅವರು ನಕ್ಕರು. ನಾನೂ ನಕ್ಕೆ.

ನಗು ನಿಂತದ್ದು ಅವರ ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ. ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬಂದಿದ್ದರು. ನಾಲಿಗೆಯನ್ನು ಪಕ್ಕಕ್ಕೆ ಸರಿಸಿದೆ. ಎಡಗಡೆ, ಪೈಪಿನ ಬಾಯಿ ತಾಗುವ ಜಾಗದಲ್ಲಿ, ಒಂದು ಬಿಳಿ ಮಚ್ಚೆ. ಒರೆಸಿದರೆ ಹೋಗದ ಬಿಳಿ. ಅಂಚು ಒರಟಾಗಿತ್ತು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಬಂದ ಉತ್ತರದಲ್ಲಿ ಇನ್ನೂ ಕ್ಯಾನ್ಸರ್ ಅಂತ ಇರಲಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂತಿತ್ತು. ಈಗಲೇ ತಂಬಾಕು ಬಿಟ್ಟರೆ, ಮಚ್ಚೆ ತೆಗೆಸಿ ಕಣ್ಣಿಟ್ಟು ನೋಡಿಕೊಂಡರೆ, ಉಳಿಯುವ ಅವಕಾಶ ಚೆನ್ನಾಗಿತ್ತು. ಇದನ್ನು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದೆ.

'ಬಿಸಿ ತಾನೇ ತೊಂದ್ರೆ?' ಎಂದರು ಮೇಷ್ಟ್ರು. 'ಉದ್ದ ಕೊಳವೇದು ಬರುತ್ತೆ ಕಣಮ್ಮ, ಮೊಳದುದ್ದ. ಹೊಗೆ ಬಾಯಿಗೆ ಬರೋಷ್ಟರಲ್ಲಿ ತಣ್ಣಗಾಗಿರುತ್ತೆ.'

'ಸಾರ್, ಬಿಸಿ ಅಲ್ಲ, ತಂಬಾಕು!' ಎಂದು ಕಿರುಚಿದೆ. ಹೊರಗೆ ಕೂತಿದ್ದ ರೋಗಿಗಳು ಬಾಗಿಲ ಕಡೆ ನೋಡಿದರು. ನನ್ನ ಮೇಷ್ಟ್ರನ್ನು ನಾನು ಗದರಿದ್ದು ಅದೇ ಮೊದಲು. ಅವರು ಮುಖ ಸಣ್ಣಗೆ ಮಾಡಿಕೊಂಡು, 'ಉದ್ದಂದು ಎಲ್ಲಿ ಬಚ್ಚಿಡ್ಲಿ, ಅದೂ ನಿಜಾನೇ' ಎಂದರು. ಮಚ್ಚೆ ತೆಗೆಸುವುದನ್ನು ಹಬ್ಬ ಕಳೀಲಿ, ಮದುವೆ ಕಳೀಲಿ ಎಂದು ಮುಂದೂಡಿದರು. ಮೋಟು ಪೈಪು ಜೇಬಿನಲ್ಲೇ ಉಳಿಯಿತು.

ಇನ್ನು ಉಳಿದದ್ದು ಒಂದೇ ದಾರಿ. ಅಣ್ಣ ಒಂದು ಮಾತು ಹೇಳಿದರೆ ಮೇಷ್ಟ್ರು ಆ ಕ್ಷಣವೇ ಬಿಡುತ್ತಾರೆ. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕ್ಲಿನಿಕ್ಕಿಗೆ ಬೀಗ ಹಾಕಿ ಮಂಡಿಗೆ ಹೋದೆ.

ಅಣ್ಣ ಗಾದಿಯ ಮೇಲೆ ಕೂತು ಕೊಬ್ಬರಿ ಬಟ್ಟಲೊಂದನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. 'ಬಳೆ ಅಂಗಡಿ ಸಾಹೇಬ್ರ ಮಗಳು! ಬನ್ನಿ ಡಾಕ್ಟ್ರಮ್ಮ' ಎಂದು ಎಳನೀರು ತರಿಸಿದರು. ನಾನು ಪೈಪಿನಿಂದ ಹಿಡಿದು ಮಚ್ಚೆಯವರೆಗೆ ಎಲ್ಲವನ್ನೂ ಹೇಳಿದೆ. ಗುಟ್ಟು ರಟ್ಟು ಮಾಡಿದ್ದಕ್ಕೆ ಮೇಷ್ಟ್ರು ನನ್ನ ಮುಖ ನೋಡದಿದ್ದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ. ಅಣ್ಣ ಬೆಚ್ಚಿಬೀಳಲಿಲ್ಲ.

'ಗೊತ್ತು ಕಣಮ್ಮ' ಎಂದರು.

'ಏನ್ ಗೊತ್ತು ಯಜಮಾನ್ರೇ?'

'ಸೇದ್ತಾನೆ ಅಂತ. ಕುಣಿಗಲ್ಲಿಂದ ಬಂದಾಗ್ಲಿಂದ ಗೊತ್ತು. ಮೆಟ್ಲು ಹತ್ತೋವಾಗ ಯಾಕೆ ಕೆಮ್ಮುತೀನಿ ಅಂದ್ಕೊಂಡಿದೀರಿ? ನಂಗೇನ್ ದಮ್ಮಾ? ಅವ್ನು ಎತ್ತಿಟ್ಕೊಳ್ಲಿ ಅಂತ.'

ನಾನು ಎಳನೀರು ಕೆಳಗಿಟ್ಟೆ. ಇಷ್ಟು ವರ್ಷ ಮೇಲೆ ಒಬ್ಬರು ಬಚ್ಚಿಡುತ್ತ, ಕೆಳಗಿನಿಂದ ಒಬ್ಬರು ಬಚ್ಚಿಡಲು ಸಮಯ ಕೊಡುತ್ತ ಬದುಕಿದ್ದಾರೆ. ಬೆಟ್ಟದ ಮೇಲೆ ಇಲ್ಲದ ಮೋಡವನ್ನು ತೋರಿಸಿದ್ದೂ ಇದಕ್ಕೇ.

'ಹಂಗಾದ್ರೆ ಬಿಡು ಅಂತ ಒಂದು ಮಾತು ಹೇಳಿ. ನಿಮ್ ಮಾತು ಮೀರಲ್ಲ ಅವ್ರು.'

'ಮೀರಲ್ಲ. ಬುಡು ಅಂದ್ರೆ ಬುಡ್ತಾನೆ.' ಕೊಬ್ಬರಿ ಬಟ್ಟಲನ್ನು ತಿರುಗಿಸುತ್ತ ಕೂತರು. 'ಆದ್ರೆ ಬುಡು ಅನ್ನಬೇಕಾದ್ರೆ ನಾನು ಕಂಡಿದೀನಿ ಅಂತ ಒಪ್ಕೊಂಡಂಗೆ ಆಯ್ತಲ್ಲಮ್ಮ. ಇಷ್ಟ್ ವರ್ಷ ಕಾಪಾಡ್ಕೊಂಡು ಬಂದಿರೋ ಮರ್ಯಾದೆ. ಆಮೇಲೆ ಅವ್ನು ನನ್ ಮುಖ ಹೆಂಗ್ ನೋಡ್ತಾನೆ?'

'ಅವ್ರ ಮುಖ ಉಳಿದ್ರೆ ತಾನೇ ನಿಮ್ ಮುಖ ನೋಡೋದು ಯಜಮಾನ್ರೇ!' ಎಂದುಬಿಟ್ಟೆ. ಗುಮಾಸ್ತ ತಲೆಯೆತ್ತಿ ನೋಡಿದ. ಅಣ್ಣನ ಕಣ್ಣು ತುಂಬಿ ಬಂತು. 'ಹೇಳ್ತೀನಿ ಕಣಮ್ಮ, ಇವತ್ತೇ ಹೇಳ್ತೀನಿ' ಎಂದರು.

ಏನಾಯಿತೆಂದು ಆಮೇಲೆ ಮೇಷ್ಟ್ರ ಹೆಂಡತಿ ಹೇಳಿದರು. ಭಾವನವರು ಸಂಜೆ ಮೇಲೆ ಬಂದರಂತೆ, ಮಾಮೂಲಿನಂತೆ ಕೆಮ್ಮುತ್ತಲೇ. ಕುರ್ಚಿಯಲ್ಲಿ ಕೂತರಂತೆ. ಮೇಷ್ಟ್ರು ಎದುರಿಗೆ ಕೈಕಟ್ಟಿ ನಿಂತಿದ್ದರಂತೆ. ಕೊಬ್ಬರಿ ಧಾರಣೆ ಮಾತಾಡಿ, ಗುಬ್ಬಿ ತೋಟದ ಬೋರ್‌ವೆಲ್ ಮಾತಾಡಿ, 'ಊಟ ಮಾಡೋ, ಹೊತ್ತಾಯ್ತು' ಎಂದು ಹೇಳಿ ಇಳಿದುಹೋದರಂತೆ. ಮಾರನೆಯ ದಿನವೂ ಹಾಗೇ. ಒಂದು ಸಲವಂತೂ ಬಾಗಿಲವರೆಗೆ ಹೋಗಿ, ತಿರುಗಿ, ಬಾಯಿ ತೆರೆದು, 'ಫ್ಯಾನು ಯಾಕೋ ಸದ್ದು ಮಾಡ್ತೈತೆ, ರಿಪೇರಿ ಮಾಡ್ಸು' ಎಂದರಂತೆ.

ತಮ್ಮಿಂದ ಆಗದ್ದನ್ನು ಅಣ್ಣ ಬೇರೆಯವರ ಬಾಯಲ್ಲಿ ಹೇಳಿಸಲು ನೋಡಿದರು. ಮಠದ ಒಂದು ಕಾರ್ಯಕ್ರಮದಲ್ಲಿ ಸ್ವಾಮಿಗಳಿಂದ ದುಶ್ಚಟಗಳ ಬಗ್ಗೆ ಆಶೀರ್ವಚನ ಕೊಡಿಸಿ, ತಮ್ಮನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅದಾದ ಮೇಲೆ ಮೇಷ್ಟ್ರು ನನ್ನ ಕ್ಲಿನಿಕ್ಕಿಗೆ ಬಂದು, 'ಎಷ್ಟ್ ಚೆನ್ನಾಗಿ ಹೇಳಿದ್ರಮ್ಮ! ಈ ಗುಟ್ಕಾ ಹುಡುಗ್ರು ಕೇಳ್ಬೇಕು' ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಣ್ಣನಿಗೆ ಗೊತ್ತಿದೆ ಎಂದು ನಾನೇ ಮೇಷ್ಟ್ರಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನನ್ನ ಗಂಡ ಕೇಳುತ್ತಾರೆ. ಹೇಳಿದೆ. ಮೇಷ್ಟ್ರು ನಂಬಲಿಲ್ಲ. 'ಛೆ, ಗೊತ್ತಿದ್ರೆ ಬಿಡು ಅಂತಿದ್ರಲ್ಲಮ್ಮ. ಅಣ್ಣ ಅಂದಿಲ್ಲ ಅಂದ್ಮೇಲೆ ಗೊತ್ತಿಲ್ಲ ಅಂತಾನೇ' ಎಂದರು. ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಯಾವತ್ತೂ ಆಗಿಲ್ಲ.

ಮಚ್ಚೆ ಹುಣ್ಣಾಯಿತು. ಹುಣ್ಣು ಗಡ್ಡೆಯಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲಿಗೆಯ ಪಕ್ಕವನ್ನೂ ಎಡದವಡೆಯನ್ನೂ ತೆಗೆದರು. ಆ ಕೋರೆಹಲ್ಲೂ ಅದರ ಜೊತೆಗೇ ಹೋಯಿತು. ಅಲ್ಲಿಗಾದರೂ ನಿಂತೀತೆಂದರೆ, ಕುತ್ತಿಗೆಯಲ್ಲಿ ಮತ್ತೆ ಕಾಣಿಸಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಪಾಠ ಮಾಡಿ ಮಾಡಿ ಪಳಗಿದ್ದ ಆ ದೊಡ್ಡ ಗಂಟಲಿನಲ್ಲಿ ಮಾತು ಹೋಗಿ ಬರೀ ಗಾಳಿ ಉಳಿದಿತ್ತು. ದಿನ ಬಿಟ್ಟು ದಿನ ಹೋಗಿ ಬಾಯಿ ಶುಚಿ ಮಾಡಿ ಬರುತ್ತಿದ್ದೆ. ಅಷ್ಟು ಓದಿ, ಅಷ್ಟು ಬೈದು, ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಒಂದು ಬಟ್ಟಲು ಉಪ್ಪುನೀರು, ಒಂದಿಷ್ಟು ಹತ್ತಿ. ಅದನ್ನು ಅದ್ದಿ ಒರೆಸುವಾಗ ಅವರು ನನ್ನ ಕೈ ಹಿಡಿದು ಸುಮ್ಮನೆ ತಟ್ಟುತ್ತಿದ್ದರು. ನಾನು ಅಲ್ಲಿ ಅಳುತ್ತಿರಲಿಲ್ಲ. ಮನೆಗೆ ಹೋಗಿ ಅಳುತ್ತಿದ್ದೆ.

ಅಂಥದೇ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಇಳಿದು ಬರುವಾಗ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು, ಮಹಡಿಯ ಬಾಗಿಲು ಮುಚ್ಚಿದೆಯೇ ಎಂದು ಕತ್ತು ಎತ್ತಿ ನೋಡಿದರು.

'ನಿದ್ದೇಲಿ ಅವ್ನ ಕೈ ಬಾಯಿ ಹತ್ರ ಹೋಯ್ತದೆ ಡಾಕ್ಟ್ರಮ್ಮ' ಎಂದರು ಪಿಸುಗುಟ್ಟುತ್ತ. 'ಏನೋ ಹಿಡ್ಕೊಂಡಿರೋ ಹಂಗೆ. ನೋಡಕ್ಕಾಗಲ್ಲ. ಇನ್ನು ಸೇದಿದ್ರೆ ತಾನೇ ಏನಾಗ್ಬೇಕು ಅವ್ನಿಗೆ? ಬಗ್ಗಿರೋದು, ಉದ್ದುಂದು, ಏನೇನೋ ಥರ ಬರ್ತವಂತಲ್ಲ. ಈಗಿರೋ ಬಾಯಿಗೆ ಯಾವ್ದು ಆಯ್ತದೆ ಹೇಳಿ. ನಾನೇ ಬೆಂಗಳೂರಿಗೆ ಹೋಗಿ ತತ್ತೀನಿ.'

ನನಗೆ ಎಲ್ಲ ಆಕಾರಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ನೆಟ್ಟನೆಯದನ್ನು ಹಿಡಿಯಲು ಆ ಕಡೆ ಹಲ್ಲಿರಲಿಲ್ಲ. ಬಾಗಿದ್ದು ಜೋತುಬೀಳಲು ಗಲ್ಲವಿರಲಿಲ್ಲ. ಉದ್ದನೆಯದನ್ನು ಕೈಯಲ್ಲಿ ಹಿಡಿದರೂ ಎಳೆಯಲು ತುಟಿ ಕೂಡುತ್ತಿರಲಿಲ್ಲ.

'ಯಾವುದೂ ಆಗಲ್ಲ ಯಜಮಾನ್ರೇ' ಎಂದೆ.

ಅವರು ತಲೆಯಾಡಿಸಿದರು. ಮೆಟ್ಟಿಲ ಕಂಬಿ ಹಿಡಿದುಕೊಂಡು ನನಗೆ ದಾರಿ ಬಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದೆಯೇ ಬಂದು, ಕೈ ಮುಗಿದು ಹೇಳಿದರು.

'ನಾನು ಕೇಳ್ದೆ ಅಂತ ಮಾತ್ರ ಅವ್ನಿಗೆ ಹೇಳ್ಬೇಡಿ ಕಣಮ್ಮ.'